ತಲೆಗೆ ಹತ್ತುವುದಿಲ್ಲ ಎಂಬ ಮಾತು

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮರುದಿನ ಬೆಳಿಗ್ಗೆ ನಮ್ಮ ದೇವಾಪುರ ಕ್ರಾಸಿನ ಚಹಾದಂಗಡಿಯಲ್ಲಿ ಕುಳಿತಿದ್ದೆ. ಪರಿಚಯದ ರೈತರೊಬ್ಬರು ಮಗನನ್ನು ಕರೆದುಕೊಂಡು ಬಂದರು. ಹುಡುಗ ಗಣಿತ ಮತ್ತು ಇಂಗ್ಲಿಷಿನಲ್ಲಿ ನಪಾಸಾಗಿದ್ದ. ತಂದೆ ಪೀಠಿಕೆ ಹಾಕಲಿಲ್ಲ.

“ಸರ, ಈತನ ತಲ್ಯಾಗ ಏನಾರ ಅದ ಏನ್ರಿ? ಖರೇ ಹೇಳ್ರಿ. ಇದ್ರ ಓದಸ್ತೀನಿ. ಇಲ್ಲಂದ್ರ ಓಣಿ ಮಂದಿ ಬೆಂಗಳೂರಿಗೆ ಗಾರೆ ಕೆಲಸಕ್ಕ ಹೊಂಟಾರ, ಅವರ ಕೂಡ ಕಳಸ್ತೀನಿ. ಸುಮ್ನ ವರ್ಷ ಯಾಕ ಹಾಳು ಮಾಡೂದು?”

ಹುಡುಗ ನೆಲ ನೋಡುತ್ತ ನಿಂತಿದ್ದ. ನಾನು ಚಹಾದ ಲೋಟ ಕೆಳಗಿಟ್ಟೆ. ಮೂರು ದಶಕ ವಿಜ್ಞಾನ ಕಲಿಸಿದ ಮಾಸ್ತರನಿಗೆ ಇಂಥ ಪ್ರಶ್ನೆಗೆ ಉತ್ತರ ಗೊತ್ತಿರಬೇಕೆಂದು ಆ ತಂದೆ ನಂಬಿದ್ದರು. ಬಿ.ಎಡ್. ಓದುವಾಗ ‘ವೈಯಕ್ತಿಕ ಭಿನ್ನತೆಗಳು’ ಎಂಬ ಅಧ್ಯಾಯವನ್ನು ನಾವೆಲ್ಲ ಹತ್ತು ಅಂಕದ ಪ್ರಶ್ನೆಗೆಂದು ಬಾಯಿಪಾಠ ಮಾಡಿದ್ದೆವು. ಅದರ ನಿಜವಾದ ಪರೀಕ್ಷೆ ಹೀಗೆ ಚಹಾದಂಗಡಿಯಲ್ಲಿ ಬರುತ್ತದೆಂದು ಆಗ ಯಾರೂ ಹೇಳಿರಲಿಲ್ಲ. ಆ ತಂದೆ ಕೇಳಿದ ಪ್ರಶ್ನೆಯನ್ನು ಜಗತ್ತಿನ ದೊಡ್ಡ ದೊಡ್ಡ ವಿದ್ವಾಂಸರು ನೂರಿಪ್ಪತ್ತು ವರ್ಷಗಳಿಂದ ಕೇಳುತ್ತಿದ್ದಾರೆ. ಅದರಲ್ಲಿ ಒಂದಿಷ್ಟು ನಮ್ಮ ಕನ್ನಡ ನಾಡಿನಲ್ಲಿಯೇ ನಡೆದಿದೆ.

ಅಳತೆಗೋಲು ಧಾರವಾಡಕ್ಕೆ ಬಂದದ್ದು

ಬುದ್ಧಿಯನ್ನು ಅಳೆಯುವ ಮೊದಲ ಉಪಯುಕ್ತ ಪರೀಕ್ಷೆಯನ್ನು 1905ರಲ್ಲಿ ಪ್ಯಾರಿಸ್ಸಿನ ಆಲ್ಫ್ರೆಡ್ ಬಿನೆ ತಮ್ಮ ಸಹಾಯಕ ಥಿಯೊಡೋರ್ ಸಿಮೋನ್ ಜೊತೆ ಸೇರಿ ಸಿದ್ಧಪಡಿಸಿದರು. ಫ್ರಾನ್ಸಿನಲ್ಲಿ ಎಲ್ಲ ಮಕ್ಕಳಿಗೂ ಶಾಲೆ ಕಡ್ಡಾಯವಾಗಿತ್ತು. ಯಾವ ಮಗುವಿಗೆ ಹೆಚ್ಚಿನ ಆಸರೆ ಬೇಕು ಎಂಬುದನ್ನು ಕಂಡುಹಿಡಿಯುವುದಷ್ಟೇ ಅವರ ಉದ್ದೇಶ. ಬುದ್ಧಿ ಎಂಬುದು ಹುಟ್ಟಿದಾಗಲೇ ಅಳೆದು ಸುರಿದ ಧಾನ್ಯದಂತೆ, ಆಮೇಲೆ ಹೆಚ್ಚದು ಎನ್ನುವವರನ್ನು ಬಿನೆ 1909ರ ತಮ್ಮ ಪುಸ್ತಕದಲ್ಲಿ ಖಂಡಿಸಿದ್ದರು. ಆದರೆ ಅಳತೆಗೋಲು ಒಮ್ಮೆ ಕೈಗೆ ಸಿಕ್ಕಿತೆಂದರೆ ಅಳೆಯುವವನ ಚಟ ನಿಲ್ಲುವುದಿಲ್ಲ. ಜರ್ಮನಿಯ ವಿಲಿಯಂ ಸ್ಟರ್ನ್ 1912ರಲ್ಲಿ ಮಾನಸಿಕ ವಯಸ್ಸನ್ನು ನಿಜ ವಯಸ್ಸಿನಿಂದ ಭಾಗಿಸಿದರು. ಅಮೆರಿಕದ ಟರ್ಮನ್ 1916ರಲ್ಲಿ ಅದನ್ನು ನೂರರಿಂದ ಗುಣಿಸಿದರು. ಎಂಟು ವರ್ಷದ ಮಗು ಹತ್ತು ವರ್ಷದವರ ಪ್ರಶ್ನೆ ಬಿಡಿಸಿದರೆ ಹತ್ತನ್ನು ಎಂಟರಿಂದ ಭಾಗಿಸಿ ನೂರರಿಂದ ಗುಣಿಸಿದಾಗ 125. ಇದೇ ಬುದ್ಧಿಲಬ್ಧ, ಜನರ ಬಾಯಲ್ಲಿ ಐ.ಕ್ಯೂ.

ಇಂದು ಹೀಗೆ ಭಾಗಿಸುವ ಪದ್ಧತಿ ಬಿಟ್ಟುಹೋಗಿದೆ. ಅದೇ ವಯಸ್ಸಿನ ಸಾವಿರಾರು ಮಕ್ಕಳ ಸರಾಸರಿಯನ್ನು 100 ಎಂದಿಟ್ಟುಕೊಂಡು ಈ ಮಗು ಅದರಿಂದ ಎಷ್ಟು ದೂರ ಎಂದು ನೋಡುತ್ತಾರೆ. ನೂರರಲ್ಲಿ ಸುಮಾರು 68 ಜನ 85 ಮತ್ತು 115ರ ನಡುವೆ ಬರುತ್ತಾರೆ. 130ರ ಮೇಲೆ ಇಬ್ಬರು, 70ರ ಕೆಳಗೆ ಇಬ್ಬರು. ನಮ್ಮ ತರಗತಿಗಳಲ್ಲಿ ಕೂರುವ ಬಹುಪಾಲು ಮಕ್ಕಳು ನಡುವಿನ ಆ ದೊಡ್ಡ ಗುಂಪಿನವರು. ಪಾಲಕರು ‘ಶಾಣ್ಯಾ’ ಮತ್ತು ‘ದಡ್ಡ’ ಎಂದು ಎರಡೇ ಪೆಟ್ಟಿಗೆ ಇಟ್ಟುಕೊಂಡಿರುವುದು ಲೆಕ್ಕಕ್ಕೇ ಹೊಂದುವುದಿಲ್ಲ.

ಈ ಪರೀಕ್ಷೆಯನ್ನು ಕನ್ನಡಕ್ಕೆ ತಂದವರು ವಿ.ವಿ. ಕಾಮತ್. ಬಿನೆಯ ಪ್ರಶ್ನೆಗಳನ್ನು ಸುಮ್ಮನೆ ಅನುವಾದಿಸಿದರೆ ಸಾಲದು, ಅಲ್ಲಿಯ ನಾಣ್ಯ, ಅಲ್ಲಿಯ ಚಿತ್ರ, ಅಲ್ಲಿಯ ಪ್ರಾಸ ಇಲ್ಲಿಯ ಮಗುವಿಗೆ ಅರ್ಥವಾಗುವುದಿಲ್ಲ. ಆಗ ಮುಂಬಯಿ ಪ್ರಾಂತ್ಯದಲ್ಲಿದ್ದ ಧಾರವಾಡದ ಸುತ್ತಮುತ್ತ ಕನ್ನಡ ಮತ್ತು ಮರಾಠಿ ಮಾತನಾಡುವ ಸುಮಾರು ಒಂದು ಸಾವಿರ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕೂರಿಸಿಕೊಂಡು ಪ್ರಶ್ನೆ ಕೇಳಿ, ಯಾವ ಪ್ರಶ್ನೆ ಯಾವ ವಯಸ್ಸಿಗೆ ಸರಿ ಎಂದು ಅವರು ಗೊತ್ತುಮಾಡಿದರು. 1934ರ ಹೊತ್ತಿಗೆ ರೂಪುಗೊಂಡ ಈ ‘ಮುಂಬಯಿ–ಕರ್ನಾಟಕ’ ಪರಿಷ್ಕರಣೆಯ ವಿವರಗಳು 1940ರಲ್ಲಿ ಪುಸ್ತಕವಾಗಿ ಬಂದವು. ಬಿನೆ–ಕಾಮತ್ ಪರೀಕ್ಷೆ ಎಂಬ ಹೆಸರಿನಲ್ಲಿ ಅದು ದೇಶದ ಆಸ್ಪತ್ರೆಗಳಲ್ಲಿ, ಮಕ್ಕಳ ಮಾರ್ಗದರ್ಶನ ಕೇಂದ್ರಗಳಲ್ಲಿ ಹಲವು ದಶಕ ಬಳಕೆಯಲ್ಲಿತ್ತು. ಎಷ್ಟೋ ಮಕ್ಕಳಿಗೆ ಬುದ್ಧಿಮಾಂದ್ಯದ ಪ್ರಮಾಣಪತ್ರ ಸಿಕ್ಕಿದ್ದು, ಅಥವಾ ಸಿಗದೆ ಹೋದದ್ದು, ಧಾರವಾಡದ ಮಕ್ಕಳ ಜೊತೆ ಹೋಲಿಸಿ.

ಅತ್ತ ಮೈಸೂರಿನಲ್ಲಿ ಇನ್ನೊಂದು ಕೆಲಸ ನಡೆದಿತ್ತು. ಮೈಸೂರು ವಿಶ್ವವಿದ್ಯಾಲಯದಲ್ಲಿ 1924ರಲ್ಲಿ ಮನಃಶಾಸ್ತ್ರ ವಿಭಾಗ ಆರಂಭವಾಯಿತು. ಅದರ ಮುಖ್ಯಸ್ಥರಾದ ಎಂ.ವಿ. ಗೋಪಾಲಸ್ವಾಮಿ ಲಂಡನ್ನಿನಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ ಅವರ ಬಳಿ ಕಲಿತವರು. ಒಂದು ವಿಷಯದಲ್ಲಿ ಮುಂದಿರುವ ಮಗು ಸಾಮಾನ್ಯವಾಗಿ ಉಳಿದವುಗಳಲ್ಲಿಯೂ ಸ್ವಲ್ಪ ಮುಂದಿರುತ್ತದೆ, ಆದ್ದರಿಂದ ಎಲ್ಲದರ ಹಿಂದೆ ಒಂದು ಸಾಮಾನ್ಯ ಸಾಮರ್ಥ್ಯ ಇರಬೇಕು ಎಂದು 1904ರಲ್ಲಿ ಲೆಕ್ಕ ಹಾಕಿ ತೋರಿಸಿದವರು ಈ ಸ್ಪಿಯರ್‌ಮನ್. ಗೋಪಾಲಸ್ವಾಮಿ ಪಾಶ್ಚಾತ್ಯ ಬುದ್ಧಿಪರೀಕ್ಷೆಗಳನ್ನು ಇಲ್ಲಿಗೆ ಹೊಂದಿಸುವ ಪ್ರಯತ್ನ ಮಾಡಿದರು. 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದ ‘ಆಕಾಶವಾಣಿ’ ಬಿತ್ತರಿಸಿದವರೂ ಅವರೇ. ನಮ್ಮ ಜನರಿಗೆ ರೇಡಿಯೋ ನೆನಪಿದೆ, ಮನಃಶಾಸ್ತ್ರ ಮರೆತುಹೋಗಿದೆ.

ಆಗ ನಮ್ಮ ಸುರಪುರ ಸೀಮೆ ಧಾರವಾಡಕ್ಕೂ ಸೇರಿರಲಿಲ್ಲ, ಮೈಸೂರಿಗೂ ಸೇರಿರಲಿಲ್ಲ. ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಮನೆಯಲ್ಲಿ ಕನ್ನಡ, ಮೇಲಿನ ತರಗತಿಯ ಓದು ಉರ್ದು. ಹಾಗಾಗಿ ಧಾರವಾಡದ ಅಳತೆಗೋಲಿನಲ್ಲಿ ನಮ್ಮ ಅಜ್ಜಂದಿರನ್ನು ಅಳೆದಿದ್ದರೆ ಎಷ್ಟು ಬರುತ್ತಿತ್ತೋ ದೇವರೇ ಬಲ್ಲ. ಇದು ತಮಾಷೆಯ ಮಾತಲ್ಲ. ‘ಎಸ್ಕಲೇಟರ್ ಎಂದರೇನು?’ ಎಂದು ದೇವಾಪುರದ ಮಗುವನ್ನು ಕೇಳಿದರೆ ಅದು ಸುಮ್ಮನೆ ನಿಲ್ಲುತ್ತದೆ. ‘ಕೂರಿಗೆಗೂ ಕುಂಟೆಗೂ ಏನು ವ್ಯತ್ಯಾಸ?’ ಎಂದು ಬೆಂಗಳೂರಿನ ಮಗುವನ್ನು ಕೇಳಿದರೆ ಅದೂ ಸುಮ್ಮನೆ ನಿಲ್ಲುತ್ತದೆ. ಮೊದಲನೆಯ ಮೌನಕ್ಕೆ ಅಂಕ ಕಳೆಯುತ್ತಾರೆ, ಎರಡನೆಯದನ್ನು ಯಾರೂ ಕೇಳುವುದೇ ಇಲ್ಲ.

ಸೋವಿಯತ್ ಮನೋವಿಜ್ಞಾನಿ ಲೂರಿಯಾ 1931–32ರಲ್ಲಿ ಉಜ್ಬೆಕಿಸ್ತಾನದ ಹಳ್ಳಿಗಳಿಗೆ ಹೋಗಿದ್ದರು. ಶಾಲೆ ಕಾಣದ ರೈತರಿಗೆ ಅವರು ಕೇಳಿದ ಒಂದು ಪ್ರಶ್ನೆ ಪ್ರಸಿದ್ಧವಾಗಿದೆ. ದೂರದ ಉತ್ತರದಲ್ಲಿ ಹಿಮ ಬೀಳುವಲ್ಲಿ ಕರಡಿಗಳೆಲ್ಲ ಬಿಳಿ. ನೊವಾಯಾ ಝೆಮ್ಲ್ಯಾ ದೂರದ ಉತ್ತರದಲ್ಲಿದೆ. ಅಲ್ಲಿಯ ಕರಡಿಯ ಬಣ್ಣ ಯಾವುದು? ಕಂಡವರನ್ನು ಕೇಳಿ, ನಾವು ಕಂಡಿಲ್ಲ ಎಂಬ ಅರ್ಥದ ಉತ್ತರಗಳು ಬಂದವು. ನಾನೂ ಒಮ್ಮೆ ತಿಂಥಣಿ ಜಾತ್ರೆಯಲ್ಲಿ ಕುರಿ ಕಾಯುವ ಅಜ್ಜನೊಬ್ಬನಿಗೆ ಇದನ್ನೇ ಕೇಳಿ ನೋಡಿದೆ. “ಮಾಸ್ತರ, ನಾ ನೋಡದ ಊರಿನ ಕರಡಿ ಬಗ್ಗೆ ಸುಳ್ಳ್ಯಾಕ ಹೇಳ್ಲಿ?” ಎಂದ. ಮುನ್ನೂರು ಕುರಿಗಳಲ್ಲಿ ಒಂದು ತಪ್ಪಿದರೆ ಯಾವುದು ಎಂದು ಹೇಳಬಲ್ಲ ಮುದುಕ ಆತ. ಕೊಟ್ಟ ವಾಕ್ಯವನ್ನು ನಿಜವೆಂದು ಒಪ್ಪಿಕೊಂಡು ಅದರಿಂದಲೇ ಉತ್ತರ ತೆಗೆಯುವುದು ಶಾಲೆ ಕಲಿಸುವ ಆಟ. ಆ ಆಟದ ನಿಯಮ ಗೊತ್ತಿಲ್ಲದವನಿಗೆ ಬುದ್ಧಿ ಇಲ್ಲ ಎನ್ನಲಾದೀತೆ?

ಶಕುಂತಲಾದೇವಿ ಮತ್ತು ಅವಳಿಗಳು

ಹಾಗೆಂದು ಎಲ್ಲರ ಬುದ್ಧಿಯೂ ಒಂದೇ, ಎಲ್ಲ ಪರಿಸರದ ಆಟ ಎನ್ನುವುದೂ ಸುಳ್ಳು. ಒಂದೇ ಮನೆ, ಒಂದೇ ಊಟ, ಒಂದೇ ಶಾಲೆಯ ಅಣ್ಣತಮ್ಮಂದಿರು ಎಷ್ಟು ಬೇರೆ ಬೇರೆ ಎಂಬುದು ತಾಯಂದಿರಿಗೆಲ್ಲ ಗೊತ್ತು.

ನಮ್ಮವರೇ ಆದ ಶಕುಂತಲಾದೇವಿಯವರನ್ನು ನೋಡಿ. 1929ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದವರು. ತಂದೆ ಸರ್ಕಸ್ಸಿನಲ್ಲಿದ್ದವರು. ಕ್ರಮಬದ್ಧ ಶಾಲೆ ಅವರಿಗೆ ದೊರೆಯಲಿಲ್ಲ. ಮೂರನೆಯ ವಯಸ್ಸಿನಲ್ಲಿ ಇಸ್ಪೀಟಿನ ಎಲೆಗಳನ್ನು ನೆನಪಿಡುತ್ತಿದ್ದುದನ್ನು ಕಂಡು ತಂದೆ ಊರೂರು ಪ್ರದರ್ಶನ ಏರ್ಪಡಿಸಿದರು. 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಹದಿಮೂರು ಅಂಕಿಗಳ ಎರಡು ಸಂಖ್ಯೆಗಳನ್ನು 28 ಸೆಕೆಂಡಿನಲ್ಲಿ ಗುಣಿಸಿ ಗಿನ್ನೆಸ್ ಪುಸ್ತಕ ಸೇರಿದರು.

1988ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಆರ್ಥರ್ ಜೆನ್ಸೆನ್ ಎಂಬ ಮನೋವಿಜ್ಞಾನಿ ಇವರನ್ನು ಪರೀಕ್ಷಿಸಿದರು. 9,54,43,993ರ ಘನಮೂಲ ಎಷ್ಟು? 17,08,59,375ರ ಏಳನೆಯ ಮೂಲ ಎಷ್ಟು? ಜೆನ್ಸೆನ್ ಪ್ರಶ್ನೆಯನ್ನು ಟಿಪ್ಪಣಿ ಪುಸ್ತಕಕ್ಕೆ ಇಳಿಸಿಕೊಳ್ಳುವಷ್ಟರಲ್ಲಿ ಉತ್ತರ ಬಂದಿತ್ತು: 457, ಮತ್ತು 15. ವಿದ್ಯಾರ್ಥಿಗಳು ಕ್ಯಾಲ್ಕುಲೇಟರ್ ಹಿಡಿದು ತಾಳೆ ನೋಡಿಕೊಳ್ಳಬಹುದು. ಇಷ್ಟಾದ ಮೇಲೆ ಜೆನ್ಸೆನ್ ಸರಳ ಪರೀಕ್ಷೆಗಳನ್ನು ಕೊಟ್ಟರು. ದೀಪ ಹೊತ್ತಿದೊಡನೆ ಗುಂಡಿ ಒತ್ತುವುದು ಇತ್ಯಾದಿ. ಮೆದುಳಿನ ಮೂಲ ವೇಗವೇ ಅಸಾಧಾರಣವಾಗಿರಬೇಕು ಎಂಬುದು ಅವರ ಊಹೆ. ಆದರೆ ಆ ಪರೀಕ್ಷೆಗಳಲ್ಲಿ ಶಕುಂತಲಾದೇವಿ ಸಾಧಾರಣ ಜನರಿಗಿಂತ ಬಹಳ ಬೇರೆಯಾಗಿ ಕಾಣಲಿಲ್ಲ. ಅಂಕಿಗಳ ಜೊತೆ ಬಾಲ್ಯದಿಂದ ಬೆಳೆದ ಬಗೆ, ತೀರದ ಆಸಕ್ತಿ ಮತ್ತು ಅಪಾರ ಅಭ್ಯಾಸ ಅವರ ಶಕ್ತಿಯ ಬಹುಭಾಗ ಎಂಬಂತೆ ಕಂಡಿತು. 1990ರಲ್ಲಿ ಜೆನ್ಸೆನ್ ಇದನ್ನು ಪ್ರಕಟಿಸಿದರು. ಈ ಜೆನ್ಸೆನ್ ಹೆಸರನ್ನು ನೆನಪಿಡಿ, ಮುಂದೆ ಬರುತ್ತದೆ.

ಹುಟ್ಟಿನ ಪಾಲು ಎಷ್ಟು ಎಂದು ತಿಳಿಯಲು ವಿಜ್ಞಾನಿಗಳು ಅವಳಿಗಳನ್ನು ಹಿಡಿದರು. ತದ್ರೂಪಿ ಅವಳಿಗಳ ಆನುವಂಶಿಕ ಗುಣಗಳು ಬಹುಮಟ್ಟಿಗೆ ಒಂದೇ. ಹುಟ್ಟಿದ ಕೂಡಲೇ ಬೇರೆ ಬೇರೆ ಮನೆ ಸೇರಿದ ಅಂಥ ಅವಳಿಗಳನ್ನು ಮಿನ್ನೆಸೋಟಾದ ಬೌಚರ್ಡ್ 1979ರಿಂದ ಅಧ್ಯಯನ ಮಾಡಿದರು. ಆ ಗುಂಪಿನಲ್ಲಿ ಬುದ್ಧಿಲಬ್ಧದ ವ್ಯತ್ಯಾಸದ ಶೇ 70ರಷ್ಟು ಆನುವಂಶಿಕ ವ್ಯತ್ಯಾಸಕ್ಕೆ ಸಂಬಂಧಿಸಿದ್ದು ಎಂದು 1990ರಲ್ಲಿ ವರದಿ ಮಾಡಿದರು. ಇದು ಸಣ್ಣ ಮಾತಲ್ಲ. ಆದರೆ ಇಲ್ಲೊಂದು ತಪ್ಪು ತಿಳಿವಳಿಕೆಗೆ ದಾರಿಯುಂಟು. ನನ್ನ ಮಗನ ಬುದ್ಧಿಯಲ್ಲಿ ಎಪ್ಪತ್ತು ಪಾಲು ನಮ್ಮ ರಕ್ತದ್ದು, ಮೂವತ್ತು ಪಾಲು ಶಾಲೆಯದು ಎಂದು ಇದರ ಅರ್ಥವಲ್ಲ. ಒಂದು ಗುಂಪಿನಲ್ಲಿ, ಅಂದಿನ ಪರಿಸ್ಥಿತಿಯಲ್ಲಿ, ಜನರ ನಡುವೆ ಕಂಡ ವ್ಯತ್ಯಾಸದ ಲೆಕ್ಕ ಅದು. ಪರಿಸ್ಥಿತಿ ಬದಲಾದರೆ ಲೆಕ್ಕವೂ ಬದಲಾಗುತ್ತದೆ. ಅಮೆರಿಕದಲ್ಲಿಯೇ 2003ರಲ್ಲಿ ಟರ್ಕ್‌ಹೈಮರ್ ಮತ್ತು ಸಂಗಡಿಗರು ಏಳು ವರ್ಷದ ಅವಳಿ ಮಕ್ಕಳನ್ನು ನೋಡಿದಾಗ, ಬಡ ಕುಟುಂಬಗಳಲ್ಲಿ ಆನುವಂಶಿಕತೆಯ ಪಾಲು ಬಹುತೇಕ ಸೊನ್ನೆಗೆ ಇಳಿದಿತ್ತು. ಯುರೋಪಿನ ಅಧ್ಯಯನಗಳಲ್ಲಿ ಇಷ್ಟು ಸ್ಪಷ್ಟ ಅಂತರ ಕಂಡಿಲ್ಲ ಎಂಬುದನ್ನೂ ಹೇಳಬೇಕು. ಎಲ್ಲ ಮಕ್ಕಳಿಗೂ ಶಾಲೆ, ಆಸ್ಪತ್ರೆ ಚೆನ್ನಾಗಿ ಸಿಗುವ ದೇಶಗಳಲ್ಲಿ ಬಡವರೆಂದರೆ ನಮ್ಮಲ್ಲಿಯಷ್ಟು ಬಡವರಲ್ಲ ಎಂಬುದು ಒಂದು ಕಾರಣವಿರಬಹುದು.

‘ಬುದ್ಧಿಯ ಜೀನ್’ ಎಂಬ ಒಂದೇ ಒಂದು ಜೀನ್ ಇಲ್ಲ. ಹನ್ನೊಂದು ಲಕ್ಷ ಜನರನ್ನು ಒಳಗೊಂಡ 2018ರ ಒಂದು ಅಧ್ಯಯನದಲ್ಲಿ, ಎಷ್ಟು ವರ್ಷ ಓದಿದರು ಎಂಬುದಕ್ಕೆ ಸಂಬಂಧಿಸಿದ ಆನುವಂಶಿಕ ಬಿಂದುಗಳೇ ಸಾವಿರದ ಇನ್ನೂರಕ್ಕೂ ಹೆಚ್ಚು ಸಿಕ್ಕವು. ಒಂದೊಂದರ ಪ್ರಭಾವ ಸಾಸಿವೆಯಷ್ಟು.

ಒಂದೇ ಚೀಲದ ಬೀಜ

ಈಗ ಕಠಿಣ ಪ್ರಶ್ನೆಗೆ ಬರೋಣ. ಒಬ್ಬರಿಗೂ ಇನ್ನೊಬ್ಬರಿಗೂ ವ್ಯತ್ಯಾಸ ಇರುವಂತೆ ಒಂದು ಗುಂಪಿಗೂ ಇನ್ನೊಂದು ಗುಂಪಿಗೂ, ಒಂದು ಜಾತಿಗೂ ಇನ್ನೊಂದಕ್ಕೂ, ಕರಾವಳಿಗೂ ನಮ್ಮ ಸೀಮೆಗೂ ಬುದ್ಧಿಯಲ್ಲಿ ಹುಟ್ಟಿನಿಂದಲೇ ಅಂತರ ಇದೆಯೆ? ಬಾಯಿಬಿಟ್ಟು ಕೇಳದಿದ್ದರೂ ಈ ಮಾತು ನಮ್ಮ ಬಸ್ಸುಗಳಲ್ಲಿ, ಮದುವೆಮನೆಗಳಲ್ಲಿ, ಕ್ಷಮಿಸಿ, ಶಿಕ್ಷಕರ ಕೊಠಡಿಗಳಲ್ಲಿಯೂ ಆಡುವ ಮಾತು.

ಅದೇ ಜೆನ್ಸೆನ್ 1969ರಲ್ಲಿ ಒಂದು ದೀರ್ಘ ಲೇಖನ ಬರೆದು, ಅಮೆರಿಕದ ಬಿಳಿಯರ ಮತ್ತು ಕರಿಯರ ಸರಾಸರಿ ಬುದ್ಧಿಲಬ್ಧದ ಅಂತರದಲ್ಲಿ ಆನುವಂಶಿಕತೆಯ ಪಾಲೂ ಇರಬಹುದು ಎಂದು ವಾದಿಸಿದ್ದರು. ದೊಡ್ಡ ಗದ್ದಲವಾಯಿತು. ಮರುವರ್ಷ ತಳಿವಿಜ್ಞಾನಿ ರಿಚರ್ಡ್ ಲೆವಾಂಟಿನ್ ಕೊಟ್ಟ ಉತ್ತರವನ್ನು ನಮ್ಮ ರೈತರು ಕೇಳಿದ್ದರೆ ತಲೆದೂಗುತ್ತಿದ್ದರು. ಅದನ್ನು ನಮ್ಮ ಹೊಲಕ್ಕೆ ಇಳಿಸಿ ಹೇಳುತ್ತೇನೆ.

ಒಂದು ಚೀಲದಲ್ಲಿ ಬೆರಕೆ ಜೋಳದ ಬೀಜ ಇದೆ ಎಂದುಕೊಳ್ಳಿ. ಒಂದು ಹಿಡಿ ತೆಗೆದು ಒಳ್ಳೆಯ ಎರೆ ಹೊಲದಲ್ಲಿ, ಪ್ರತಿ ಸಸಿಗೂ ಸಮನಾಗಿ ನೀರು ಗೊಬ್ಬರ ಕೊಟ್ಟು ಬೆಳೆಸಿ. ಸಸಿಗಳ ಎತ್ತರ ಬೇರೆ ಬೇರೆ ಬರುತ್ತದೆ. ಆರೈಕೆ ಒಂದೇ ಆದ್ದರಿಂದ ಆ ವ್ಯತ್ಯಾಸವೆಲ್ಲ ಬೀಜದ್ದು. ಅದೇ ಚೀಲದ ಇನ್ನೊಂದು ಹಿಡಿಯನ್ನು ಸತ್ವ ಸತ್ತ ಹೊಲದಲ್ಲಿ, ಪ್ರತಿ ಸಸಿಗೂ ಸಮನಾಗಿ ಕಡಿಮೆ ನೀರು ಕೊಟ್ಟು ಬೆಳೆಸಿ. ಅಲ್ಲಿಯೂ ಸಸಿ ಸಸಿಗಳ ನಡುವಿನ ವ್ಯತ್ಯಾಸ ಬೀಜದ್ದೇ. ಆದರೆ ಎರಡು ಹೊಲಗಳ ಸರಾಸರಿಯ ಅಂತರ? ಅದು ಪೂರ್ತಿಯಾಗಿ ಮಣ್ಣಿನದು, ನೀರಿನದು. ಬೀಜ ಒಂದೇ ಚೀಲದ್ದಲ್ಲವೆ? ಗುಂಪಿನ ಒಳಗಿನ ವ್ಯತ್ಯಾಸಕ್ಕೆ ಬೀಜ ಕಾರಣ ಎಂದು ಸಾಬೀತಾದ ಮಾತ್ರಕ್ಕೆ ಗುಂಪು ಗುಂಪುಗಳ ನಡುವಿನ ಅಂತರಕ್ಕೂ ಬೀಜವೇ ಕಾರಣ ಎಂದಾಗುವುದಿಲ್ಲ.

ನಮಗೆ ಇದಕ್ಕೆ ಪುಸ್ತಕ ಬೇಕಿಲ್ಲ. ನಾರಾಯಣಪುರದ ಬಸವಸಾಗರದಿಂದ ಎಡದಂಡೆ ಕಾಲುವೆಗೆ ನೀರು ಹರಿದ 1980ರ ದಶಕದ ಮುಂಚೆ ನಮ್ಮ ತಾಲ್ಲೂಕಿನ ಹೊಲಗಳು ಏನು ಬೆಳೆಯುತ್ತಿದ್ದವು, ಈಗ ಏನು ಬೆಳೆಯುತ್ತವೆ ಎಂದು ಹಿರಿಯರನ್ನು ಕೇಳಿ. ಮಣ್ಣು ಅದೇ, ಒಕ್ಕಲಿಗನೂ ಅದೇ. ಕಾಲುವೆಯ ಮೇಲ್ಭಾಗದವರು ಭತ್ತ ನಾಟಿ ಮಾಡುವಾಗ ಕೊನೆಭಾಗದವರು ನೀರಿಗಾಗಿ ಕಚೇರಿಗೆ ಅಲೆಯುತ್ತಾರೆ. ಕೊನೆಭಾಗದ ರೈತರ ಬೆಳೆ ಕಡಿಮೆ ಎಂದು ಅವರ ಕೈಗುಣವನ್ನು ಯಾರೂ ದೂರುವುದಿಲ್ಲ.

1994ರಲ್ಲಿ ಅಮೆರಿಕದಲ್ಲಿ ಈ ವಿವಾದ ಮತ್ತೆ ಹೊತ್ತಿಕೊಂಡಿತು. ಅಲ್ಲಿಯ ಮನೋವಿಜ್ಞಾನ ಸಂಘ ಅಲ್ರಿಕ್ ನೈಸರ್ ನೇತೃತ್ವದಲ್ಲಿ ವಿದ್ವಾಂಸರ ಸಮಿತಿ ನೇಮಿಸಿತು. 1996ರಲ್ಲಿ ಬಂದ ವರದಿ ಬುದ್ಧಿಪರೀಕ್ಷೆಗಳನ್ನು ತಿರಸ್ಕರಿಸಲಿಲ್ಲ, ಸರಾಸರಿಗಳ ಅಂತರವನ್ನು ಮುಚ್ಚಿಡಲೂ ಇಲ್ಲ. ಆದರೆ ಆ ಅಂತರಕ್ಕೆ ಆನುವಂಶಿಕತೆ ಕಾರಣ ಎನ್ನುವುದಕ್ಕೆ ಆಧಾರ ಕಾಣುವುದಿಲ್ಲ ಎಂದಿತು. ನ್ಯೂಜಿಲೆಂಡಿನ ಜೇಮ್ಸ್ ಫ್ಲಿನ್ ಇದಕ್ಕೂ ಮೊದಲೇ, 1987ರಲ್ಲಿ, ಹದಿನಾಲ್ಕು ದೇಶಗಳ ಅಂಕಿಗಳನ್ನು ಕಲೆಹಾಕಿ ಇನ್ನೊಂದು ಅಚ್ಚರಿ ತೋರಿಸಿದ್ದರು. ತಲೆಮಾರಿನಿಂದ ತಲೆಮಾರಿಗೆ ಬುದ್ಧಿಪರೀಕ್ಷೆಯ ಅಂಕಗಳು ಏರುತ್ತಲೇ ಬಂದಿವೆ, ದಶಕಕ್ಕೆ ಸುಮಾರು ಮೂರು ಅಂಕದಂತೆ. ಅಜ್ಜನನ್ನು ಇಂದಿನ ಅಳತೆಯಲ್ಲಿ ಅಳೆದರೆ ಮಂದಬುದ್ಧಿಯವನಾಗಿ ಬಿಡುತ್ತಾನೆ! ಎರಡು ಮೂರು ತಲೆಮಾರಿನಲ್ಲಿ ರಕ್ತ ಬದಲಾಗುವುದಿಲ್ಲ. ಬದಲಾದದ್ದು ಶಾಲೆ, ಆಹಾರ, ಆರೋಗ್ಯ, ಮನೆಯಲ್ಲಿ ಮಕ್ಕಳ ಸಂಖ್ಯೆ. ಧಾರವಾಡದಲ್ಲಿ 1934ರಲ್ಲಿ ಕಟ್ಟಿದ ಸರಾಸರಿಯನ್ನು ಐವತ್ತು ಅರವತ್ತು ವರ್ಷದ ನಂತರವೂ ಬಳಸುತ್ತಿದ್ದವರು ಇದನ್ನು ಮರೆಯಬಾರದಿತ್ತು.

ನಮ್ಮ ಜಿಲ್ಲೆಯ ಕೊನೆಯ ಸ್ಥಾನ

2024ರ ಎಸ್ಸೆಸ್ಸೆಲ್ಸಿಯಲ್ಲಿ ಉಡುಪಿ ಶೇ 94 ಪಡೆದು ಮೊದಲ ಸ್ಥಾನದಲ್ಲಿತ್ತು. ನಮ್ಮ ಯಾದಗಿರಿ ಶೇ 50.59 ಪಡೆದು ಕೊನೆಯ ಸ್ಥಾನದಲ್ಲಿತ್ತು. ‘ಆ ಕಡೆಯ ಮಕ್ಕಳ ತಲೆಯೇ ಬೇರೆ’ ಎಂದು ಹೇಳುವವರಿಗೆ ಇದಕ್ಕಿಂತ ಬೇರೆ ಪುರಾವೆ ಬೇಡ. ಸ್ವಲ್ಪ ತಾಳಿ. ಹಿಂದಿನ ವರ್ಷ, 2023ರಲ್ಲಿ, ಇದೇ ಯಾದಗಿರಿಯ ಫಲಿತಾಂಶ ಶೇ 75.49. ಒಂದೇ ವರ್ಷದಲ್ಲಿ 25 ಅಂಶ ಕುಸಿತ. 2023ರಲ್ಲಿ ರಾಜ್ಯಕ್ಕೆ ಮೊದಲಾಗಿದ್ದ ಚಿತ್ರದುರ್ಗ ಮರುವರ್ಷ ಇಪ್ಪತ್ತರ ಆಚೆಗೆ ಜಾರಿತು. ಹನ್ನೆರಡು ತಿಂಗಳಲ್ಲಿ ಎರಡು ಜಿಲ್ಲೆಗಳ ಮಕ್ಕಳ ಮೆದುಳು ಕುಗ್ಗಿತೆ? ಬದಲಾದದ್ದು ಪರೀಕ್ಷಾ ಕೊಠಡಿ. 2024ರಲ್ಲಿ ಮೊದಲ ಬಾರಿಗೆ ಕೊಠಡಿಗಳಲ್ಲಿ ಕ್ಯಾಮೆರಾ ಇಟ್ಟು ವೆಬ್‌ಕಾಸ್ಟಿಂಗ್ ಮಾಡಲಾಯಿತು. ಹಾಗಾದರೆ 2023ರ ಅಂಕಿ ಯಾವುದನ್ನು ಅಳೆದಿತ್ತು? ಶಿಕ್ಷಕನಾಗಿ ನನಗೂ ಅದರಲ್ಲಿ ತಲೆತಗ್ಗಿಸುವ ಪಾಲು ಉಂಟು.

ಹಾಗಿದ್ದರೂ ಉಡುಪಿಗೂ ನಮಗೂ ಅಂತರ ಇರುವುದು ನಿಜ. ಅದರ ಬೇರು 2011ರ ಜನಗಣತಿಯಲ್ಲಿದೆ. ಯಾದಗಿರಿಯ ಸಾಕ್ಷರತೆ ಶೇ 51.83, ರಾಜ್ಯದಲ್ಲಿಯೇ ಕಡಿಮೆ. ದಕ್ಷಿಣ ಕನ್ನಡದ್ದು ಶೇ 88.57. ಅಂದರೆ ಅಲ್ಲಿಯ ಮಗು ಲೆಕ್ಕ ತಿಳಿಯದೆ ಹೋದರೆ ಮನೆಯಲ್ಲಿ ಕೇಳಲು ಅಮ್ಮ ಇದ್ದಾಳೆ, ಅಜ್ಜಿಯೂ ಇರಬಹುದು. ಇಲ್ಲಿಯ ಮಗುವಿನ ಅವ್ವ ಹೆಬ್ಬೆಟ್ಟು ಒತ್ತುತ್ತಾಳೆ, ಅದೂ ಊರಿನಲ್ಲಿದ್ದರೆ. ದೀಪಾವಳಿಯ ನಂತರ ಎಷ್ಟೋ ಮನೆಗಳಿಗೆ ಬೀಗ ಬೀಳುತ್ತದೆ, ಗುಳೆ. ಮಗು ಅಜ್ಜಿಯ ಬಳಿ ಉಳಿಯುತ್ತದೆ, ಇಲ್ಲವೆ ಕಟ್ಟಡದ ಮರಳಿನಲ್ಲಿ ಆಡುತ್ತ ವರ್ಷ ಕಳೆಯುತ್ತದೆ.

ಊಟದ ಮಾತು ಬೇರೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನ ಪ್ರಕಾರ ಕರ್ನಾಟಕದಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ ಸುಮಾರು 65 ಮಕ್ಕಳಿಗೆ ರಕ್ತಹೀನತೆ. ಮೆದುಳು ವೇಗವಾಗಿ ಬೆಳೆಯುವ ಕಾಲದಲ್ಲಿ ಕಬ್ಬಿಣದ ಅಂಶ ಕಡಿಮೆಯಾದರೆ ಗಮನ, ನೆನಪು, ಕಲಿಕೆ ಮೂರಕ್ಕೂ ಪೆಟ್ಟು. ಅಯೋಡಿನ್ ಕೊರತೆಯೂ ಹಾಗೆಯೇ, ಉಪ್ಪಿನ ಪೊಟ್ಟಣದ ಮೇಲಿನ ಅಕ್ಷರ ಓದಿ ಕೊಳ್ಳುವುದಕ್ಕೆ ಖರ್ಚಿಲ್ಲ. 2021ರ ಡಿಸೆಂಬರಿನಲ್ಲಿ ನಮ್ಮ ಭಾಗದ ಶಾಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಕೊಡಲು ಆರಂಭಿಸಿದಾಗ ನಮ್ಮ ಯಾದಗಿರಿಯ ಮಕ್ಕಳನ್ನು ಮೊಟ್ಟೆ ಇಲ್ಲದ ಗದಗಿನ ಮಕ್ಕಳೊಂದಿಗೆ ಹೋಲಿಸಿ ಅಧ್ಯಯನ ನಡೆಯಿತು. ಯಾದಗಿರಿಯ ಮಕ್ಕಳ, ಅದರಲ್ಲೂ ಎಂಟನೆಯ ತರಗತಿಯ ಹುಡುಗಿಯರ, ತೂಕ ಎದ್ದು ಕಾಣುವಂತೆ ಹೆಚ್ಚಿತ್ತು. ಅಲ್ಲಿ ತೂಗಿದ್ದು ಮೈಯನ್ನು, ಬುದ್ಧಿಯನ್ನಲ್ಲ. ಆದರೆ ಮಧ್ಯಾಹ್ನದ ಮೂರನೆಯ ಪಿರಿಯಡ್ಡಿನಲ್ಲಿ ತೂಕಡಿಸುವ ತಲೆಗಳು ಕಡಿಮೆಯಾದುದನ್ನು ನಾನು ಕಂಡಿದ್ದೇನೆ.

ಹುಡುಗ ಹುಡುಗಿಯರ ವಿಷಯ ಎರಡೇ ಮಾತಿನಲ್ಲಿ ಮುಗಿಸುತ್ತೇನೆ. ಒಟ್ಟು ಬುದ್ಧಿಶಕ್ತಿಯ ಸರಾಸರಿಯಲ್ಲಿ ಗಮನಾರ್ಹ ಅಂತರ ಇಲ್ಲ. ವಸ್ತುವನ್ನು ಮನಸ್ಸಿನಲ್ಲಿಯೇ ತಿರುಗಿಸಿ ನೋಡುವ ಪರೀಕ್ಷೆಯಲ್ಲಿ ಹುಡುಗರು, ಭಾಷೆಯ ಕೆಲವು ಪರೀಕ್ಷೆಗಳಲ್ಲಿ ಹುಡುಗಿಯರು ಮುಂದು. 2024ರಲ್ಲಿ ಎಸ್ಸೆಸ್ಸೆಲ್ಸಿ ಪಾಸಾದ ಹುಡುಗಿಯರು ಶೇ 81.11, ಹುಡುಗರು ಶೇ 65.90. ‘ಹುಡುಗಿಗೆ ಓದು ಯಾಕೆ’ ಎನ್ನುವ ಹಿರಿಯರು ಈ ಅಂಕಿಯನ್ನು ಗೋಡೆಗೆ ಅಂಟಿಸಿಕೊಳ್ಳಲಿ.

ಹತ್ತಿಯ ಲೆಕ್ಕ

ಚಹಾದಂಗಡಿಗೆ ಮರಳೋಣ. ತಂದೆಗೆ ಉತ್ತರ ಕೊಡದೆ ನಾನು ಹುಡುಗನ ಕಡೆ ತಿರುಗಿದೆ. “ತಮ್ಮಾ, ಹತ್ತಿ ಕ್ವಿಂಟಲಿಗೆ ಏಳು ಸಾವಿರ ಅದ. ನೀನು ನಾಲ್ಕು ಚೀಲ ಒಯ್ದಿ, ತೂಕ ಮೂರು ಕ್ವಿಂಟಲ್ ನಲವತ್ತು ಕೆ.ಜಿ. ಬಂತು. ಚೀಲಕ್ಕ ಒಂದೊಂದು ಕೆ.ಜಿ. ಕಳದ್ರು. ಎಷ್ಟು ರೊಕ್ಕ?”

ಹುಡುಗ ಮೊದಲ ಸಲ ತಲೆ ಎತ್ತಿದ. ತುಟಿ ಸ್ವಲ್ಪ ಅಲುಗಾಡಿತು. “ಮೂರು ಕ್ವಿಂಟಲಿಗೆ ಇಪ್ಪತ್ತೊಂದು ಸಾವಿರ. ಮೂವತ್ತಾರು ಕೆ.ಜಿ.ಗೆ ಎಪ್ಪತ್ತರಂಗ ಎರಡು ಸಾವಿರದ ಐದುನೂರಾ ಇಪ್ಪತ್ತು. ಇಪ್ಪತ್ಮೂರು ಸಾವಿರದ ಐದುನೂರಾ ಇಪ್ಪತ್ತು ಸರ.”

“ಇದು ಲೆಕ್ಕ ಏನ್ರಿ?” ತಂದೆ ಕೈಬೀಸಿದರು. “ಇದು ಎಲ್ರಿಗೂ ಬರ್ತದ.”

ಎಲ್ಲರಿಗೂ ಬರುವುದಿಲ್ಲ. ಆ ಹುಡುಗ ಮಾಡಿದ್ದು ಬೀಜಗಣಿತದ ವಿತರಣ ನಿಯಮ. ಪರೀಕ್ಷೆಯಲ್ಲಿ ಆವರಣಚಿಹ್ನೆಯ ರೂಪದಲ್ಲಿ ಬಂದಾಗ ಅದೇ ನಿಯಮವನ್ನು ಆತ ಗುರುತಿಸಲಿಲ್ಲ. 1985ರಲ್ಲಿ ಬ್ರೆಜಿಲಿನ ರೆಸಿಫೆ ನಗರದಲ್ಲಿ ಬೀದಿಯಲ್ಲಿ ತೆಂಗಿನಕಾಯಿ, ಹಣ್ಣು ಮಾರುವ ಮಕ್ಕಳನ್ನು ಸಂಶೋಧಕರು ಹೀಗೆಯೇ ನೋಡಿದರು. ಅಂಗಡಿಯ ಮುಂದೆ ಕೇಳಿದ ಲೆಕ್ಕಗಳಲ್ಲಿ ಶೇ 98 ಸರಿ. ಅದೇ ಲೆಕ್ಕಗಳನ್ನು ಬರೀ ಅಂಕಿಗಳಾಗಿ ಕಾಗದದ ಮೇಲೆ ಕೊಟ್ಟಾಗ ಶೇ 37. ಅಲ್ಲಿ ನೋಡಿದ್ದು ಐದೇ ಮಕ್ಕಳನ್ನು. ಆದರೆ 2025ರಲ್ಲಿ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡ್ಯುಫ್ಲೋ ಮತ್ತು ಸಂಗಡಿಗರು ಕೋಲ್ಕತ್ತಾ, ದೆಹಲಿಯ ಮಾರುಕಟ್ಟೆಗಳಲ್ಲಿ ಸಾವಿರಕ್ಕೂ ಹೆಚ್ಚು ಮಕ್ಕಳನ್ನು ನೋಡಿ ಪ್ರಕಟಿಸಿದ ಅಧ್ಯಯನದಲ್ಲೂ ಇದೇ ಕಂಡಿತು. ವ್ಯಾಪಾರದ ಲೆಕ್ಕ ಬಾಯಲ್ಲಿ ಮಾಡುವ ಮಕ್ಕಳು ಶಾಲೆಯ ಲೆಕ್ಕದಲ್ಲಿ ಸೋತರು. ಶಾಲೆಯ ಲೆಕ್ಕ ಬಲ್ಲ ಮಕ್ಕಳು ವ್ಯಾಪಾರದ ಲೆಕ್ಕದಲ್ಲಿ ಸೋತರು. ಇದನ್ನು ಓದಿ ಸಂತೆಯ ಮಕ್ಕಳನ್ನು ಹೊಗಳಿ ಮನೆಗೆ ಕಳಿಸಿದರೆ ಪ್ರಯೋಜನವಿಲ್ಲ. ಒಂದು ದಡದಿಂದ ಇನ್ನೊಂದಕ್ಕೆ ಸೇತುವೆ ತಾನಾಗಿ ಆಗುವುದಿಲ್ಲ, ಯಾರಾದರೂ ಕಟ್ಟಬೇಕು. ಅದಕ್ಕೆಂದೇ ನಮಗೆ ಸಂಬಳ ಕೊಡುತ್ತಾರೆ.

ನಾನು ಆ ತಂದೆಗೆ ತಟ್ಟನೆ ಉತ್ತರ ಕೊಡದಿರಲು ಬೇರೆ ಕಾರಣವೂ ಇತ್ತು. ಇಪ್ಪತ್ತು ವರ್ಷಕ್ಕೂ ಹಿಂದೆ ನನ್ನ ಎಂಟನೆಯ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ಕನ್ನಡ, ಸಮಾಜದಲ್ಲಿ ಪರವಾಗಿಲ್ಲ. ಗಣಿತದಲ್ಲಿ ಮಾತ್ರ ನೂರಕ್ಕೆ ಎಂಟು, ಹತ್ತು. ಎಷ್ಟು ಕೇಳಿದರೂ ಸುಮ್ಮನೆ ನನ್ನ ಮುಖ ನೋಡುತ್ತಿದ್ದಳು. ಪಾಲಕರ ಸಭೆಗೆ ಬಂದ ಅವಳ ತಂದೆಗೆ ನಾನು, ಒಳ್ಳೆಯ ಮನಸ್ಸಿನಿಂದಲೇ, “ಇವಳಿಗೆ ಗಣಿತ ತಲೆಗೆ ಹತ್ತುವುದಿಲ್ಲ, ಹೊಲಿಗೆ ಏನಾದರೂ ಕಲಿಸಿ” ಎಂದೆ. ಜೂನ್‌ನಲ್ಲಿ ಹಾಜರಿ ಪುಸ್ತಕದಲ್ಲಿ ಅವಳ ಹೆಸರು ಇರಲಿಲ್ಲ.

ಹದಿನೈದು ವರ್ಷದ ನಂತರ ಶಹಾಪುರದಲ್ಲಿ ಕಿರಾಣಿ ಅಂಗಡಿಯೊಂದರ ಗಲ್ಲೆಯಲ್ಲಿ ಕುಳಿತ ಹೆಣ್ಣುಮಗಳು “ಸರ, ಆರಾಮ ಅದೀರೇನ್ರಿ?” ಎಂದಳು. ಅವಳೇ. ನಾನು ಕೊಂಡ ಏಳೆಂಟು ಸಾಮಾನಿನ ಮೊತ್ತವನ್ನು ಕಾಗದ ಮುಟ್ಟದೆ ಹೇಳಿದಳು. ನಾನು ಚೀಲ ಎತ್ತಿಕೊಳ್ಳುತ್ತ ಬಗ್ಗಿ ಏನೋ ಹೇಳಿದೆ. ಅವಳಿಗೆ ತಿಳಿಯಲಿಲ್ಲ. “ಮುಖ ಈ ಕಡಿ ಮಾಡಿ ಹೇಳ್ರಿ ಸರ. ಸಣ್ಣಾಕಿದ್ದಾಗಿಂದ ಎರಡೂ ಕಿವಿ ಸೋರತಿದ್ವು, ಕೇಳಂಗಿಲ್ಲ. ಬಾಯಿ ನೋಡಿ ತಿಳ್ಕೋತೀನಿ.”

ಕನ್ನಡದ ಮಾಸ್ತರರು ಪುಸ್ತಕ ಹಿಡಿದು ಮಕ್ಕಳ ಕಡೆ ಮುಖ ಮಾಡಿ ಓದುತ್ತಿದ್ದರು. ನಾನು ಬೋರ್ಡಿನ ಕಡೆ ಮುಖ ಮಾಡಿ ಲೆಕ್ಕ ಬಿಡಿಸುತ್ತ ವಿವರಿಸುತ್ತಿದ್ದೆ. ಅವಳಿಗೆ ವರ್ಷವಿಡೀ ಕಂಡದ್ದು ನನ್ನ ಬೆನ್ನು.

ಅವಳು ಚಹಾ ತರಿಸಿದಳು, ದುಡ್ಡು ಕಡಿಮೆ ತೆಗೆದುಕೊಂಡಳು. ದೂರು ಹೇಳಲಿಲ್ಲ. ಅವಳಿಗೆ ನನ್ನ ಆ ಮಾತು ಗೊತ್ತಿತ್ತೋ ಇಲ್ಲವೋ, ನಾನೂ ಕೇಳಲಿಲ್ಲ.

ಹಾಗಾಗಿ ಕ್ರಾಸಿನಲ್ಲಿ ಆ ತಂದೆಗೆ ಇಷ್ಟೇ ಹೇಳಿದೆ. ಇವನ ತಲೆಯಲ್ಲಿ ಏನಿದೆ ಎಂದು ನಾನು ಅಳೆದಿಲ್ಲ, ಅಳೆಯುವಷ್ಟು ನನಗೆ ಗೊತ್ತಿಲ್ಲ. ಕಣ್ಣು, ಕಿವಿ, ರಕ್ತ ಮೂರನ್ನೂ ಸುರಪುರದ ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿಕೊಂಡು ಬನ್ನಿ. ಎರಡನೆಯ ಪರೀಕ್ಷೆ ಮುಗಿಯುವವರೆಗೆ ಊರಲ್ಲಿ ಬಿಡಿ, ಸಂಜೆ ನನ್ನ ಮನೆಗೆ ಬರಲಿ. ಅವರು ಬಹಳ ಹೊತ್ತು ಯೋಚಿಸಿದರು. “ಒಂದು ತಿಂಗಳಿನ ಪಗಾರ ಹೋಗ್ತದ ಸರ,” ಎಂದರು. ನಾನು ಮರುಮಾತಾಡಲಿಲ್ಲ, ಅವರ ಮನೆಯಲ್ಲಿ ಆ ಪಗಾರಿಗೆ ಏನು ಬೆಲೆ ಎಂದು ನನಗೆ ಗೊತ್ತು. ಮೂರನೆಯ ದಿನ ಓಣಿಯ ಮಂದಿಯ ಜೊತೆ ಅವರೊಬ್ಬರೇ ಬಸ್ಸು ಹತ್ತಿದರು.

ಹುಡುಗ ಸಂಜೆ ಆರಕ್ಕೆ ಬರುತ್ತಾನೆ. ಹತ್ತಿಯ ಲೆಕ್ಕವನ್ನು ಆವರಣಚಿಹ್ನೆಯಲ್ಲಿ ಬರೆಯುವುದು ನಿನ್ನೆ ಬಂತು. ಇಂಗ್ಲಿಷ್ ಇನ್ನೂ ಇದೆ.